ತೆರೆದಿಟ್ಟ ವಿಂಡೋಗಳನ್ನು ಹದ್ದುಬಸ್ತಿನಲ್ಲಿ ಇಡುವುದು: ಹಂತ ಹಂತವಾದ ಸಮಗ್ರ ಮಾರ್ಗದರ್ಶಿ

ಪರದೆಯ ಮೇಲೆ ಹತ್ತು ಹನ್ನೆರಡು ವಿಂಡೋಗಳು ಒಂದರ ಮೇಲೊಂದು ಬಿದ್ದಿರುವಾಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಮೂಲೆಯ ಇಂಟು ಗುರುತನ್ನು ಒತ್ತುತ್ತ ಒಂದೊಂದನ್ನೇ ಮುಚ್ಚುವುದು. ನಡುವೆ ಎಲ್ಲೋ ಒಂದು ಪ್ರಶ್ನೆ ಮೇಲೆದ್ದು ಬರುತ್ತದೆ, ಓದದೆಯೇ 'ಬೇಡ' ಎಂದು ಒತ್ತಿಬಿಡುತ್ತಾರೆ, ಬೆಳಗಿನಿಂದ ಟೈಪ್ ಮಾಡಿದ್ದು ಹೋಗಿರುತ್ತದೆ. ಇನ್ನು ಕೆಲವರು ಏನನ್ನೂ ಮುಚ್ಚುವುದಿಲ್ಲ. ಬೇಕಾದ ಕಡತ ಕಾಣಿಸಲಿಲ್ಲವೆಂದು ಅದೇ ಕಡತವನ್ನು ಮತ್ತೊಮ್ಮೆ ತೆರೆಯುತ್ತಾರೆ, ಆಮೇಲೆ ಎರಡರಲ್ಲಿ ಯಾವುದರಲ್ಲಿ ತಿದ್ದಿದ್ದೆವೆಂದು ತಿಳಿಯದೆ ಒದ್ದಾಡುತ್ತಾರೆ. ಎರಡೂ ತೊಂದರೆಗಳ ಮೂಲ ಒಂದೇ: ಕ್ರಮ ತಪ್ಪಿರುವುದು. ಮೊದಲು ನೋಡಬೇಕು, ಆಮೇಲೆ ಉಳಿಸಬೇಕು, ನಂತರ ಮುಚ್ಚಬೇಕು, ಅದಾದ ಮೇಲಷ್ಟೇ ಜೋಡಿಸಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಬರೆಯಲಾಗಿದೆ; ಮೊದಲ ಮೂರನ್ನು ಹಾರಿಸಿ ಐದನೆಯದಕ್ಕೆ ಹೋಗುವವರಿಗೆ ಇದರಿಂದ ಹೆಚ್ಚು ಉಪಯೋಗವಾಗದು.

ಮುಖ್ಯ ವಿವರಣೆಯೆಲ್ಲ ವಿಂಡೋಸ್ 10 ಮತ್ತು ವಿಂಡೋಸ್ 11ಕ್ಕೆ ಸಂಬಂಧಿಸಿದ್ದು. ಮ್ಯಾಕ್ ಮತ್ತು ಲಿನಕ್ಸ್ ಬಳಸುವವರಿಗೆ ಬೇಕಾದ ವ್ಯತ್ಯಾಸಗಳು ಕೊನೆಯಲ್ಲಿವೆ.

## ಆರಂಭಿಸುವ ಮೊದಲು ಬೇಕಾದವು

ಹೊಸ ತಂತ್ರಾಂಶವೇನೂ ಬೇಡ. ಮೌಸ್ ಒಂದಿದ್ದರೆ ಟಚ್‌ಪ್ಯಾಡಿಗಿಂತ ಅನುಕೂಲ, ಏಕೆಂದರೆ ವಿಂಡೋವನ್ನು ಹಿಡಿದು ಎಳೆಯುವ ಕೆಲಸ ಇದರಲ್ಲಿ ಬಹಳ. ಕೀಲಿಮಣೆಯಲ್ಲಿ ನಾಲ್ಕು ಕೀಲಿಗಳ ಜಾಗವನ್ನು ಬೆರಳಿಗೆ ರೂಢಿ ಮಾಡಿಕೊಳ್ಳಬೇಕು: ವಿಂಡೋಸ್ ಗುರುತಿನ ಕೀಲಿ, ಆಲ್ಟ್, ಟ್ಯಾಬ್ ಮತ್ತು ಕಂಟ್ರೋಲ್. ನಿಮ್ಮದು ಯಾವ ಆವೃತ್ತಿಯೆಂದು ತಿಳಿಯದಿದ್ದರೆ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ವಿಭಾಗದ ಕೊನೆಯಲ್ಲಿರುವ ಅಬೌಟ್ ಪುಟವನ್ನು ನೋಡಿ. ಕೆಲವು ಸೌಲಭ್ಯಗಳು ವಿಂಡೋಸ್ 11ರಲ್ಲಿ ಮಾತ್ರ ಇರುವುದರಿಂದ ಇದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಮೂವತ್ತು ಶಾರ್ಟ್‌ಕಟ್‌ಗಳ ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಂಡು ಮೂರನ್ನೂ ಬಳಸದವರನ್ನು ಬೇಕಾದಷ್ಟು ನೋಡಿದ್ದೇನೆ. ಆದ್ದರಿಂದ ಪ್ರತಿ ಹಂತದಲ್ಲೂ ನಿಜಕ್ಕೂ ಬೇಕಾದ ಒಂದೆರಡನ್ನು ಮಾತ್ರ ಹೇಳುತ್ತೇನೆ.

## ಹಂತ 1: ಏನೇನು ತೆರೆದಿದೆ ಎಂದು ನೋಡಿ

ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಟ್ಯಾಬ್ ಕೀಲಿಯನ್ನು ಒಮ್ಮೆ ಒತ್ತಿ, ಎರಡನ್ನೂ ಬಿಡಿ. ತೆರೆದಿರುವ ಎಲ್ಲ ವಿಂಡೋಗಳೂ ಚಿಕ್ಕ ಚಿತ್ರಗಳಾಗಿ ಪರದೆಯ ಮೇಲೆ ಹರಡಿಕೊಳ್ಳುತ್ತವೆ. ಇದಕ್ಕೆ ಟಾಸ್ಕ್ ವ್ಯೂ ಎಂದು ಹೆಸರು. ಇಲ್ಲಿ ಏನನ್ನೂ ಮುಚ್ಚಬೇಡಿ, ಬರೀ ಎಣಿಸಿ. ಒಂದೇ ಕಡತ ಎರಡು ಕಡೆ ತೆರೆದಿದೆಯೇ, ಯಾವುದೋ ಪ್ರಶ್ನೆ ಕೇಳುತ್ತ ಒಂದು ಸಣ್ಣ ಪೆಟ್ಟಿಗೆ ಕಾದು ಕುಳಿತಿದೆಯೇ ಎಂಬ ಎರಡು ಸಂಗತಿಗಳನ್ನು ಮುಖ್ಯವಾಗಿ ಗಮನಿಸಿ.

ಒಂದು ಪ್ರೋಗ್ರಾಮ್ ನಾಲ್ಕು ಸ್ಥಿತಿಗಳಲ್ಲಿ ಇರಬಹುದೆಂಬುದನ್ನು ಇಲ್ಲಿಯೇ ಅರ್ಥ ಮಾಡಿಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ. ಅದು ಕಣ್ಣೆದುರು ತೆರೆದಿರಬಹುದು. ಬೇರೊಂದು ವಿಂಡೋದ ಹಿಂದೆ ಮರೆಯಾಗಿರಬಹುದು. ಮಿನಿಮೈಸ್ ಆಗಿ, ಪರದೆಯ ಅಂಚಿನಲ್ಲಿ ಐಕಾನ್‌ಗಳಿರುವ ಪಟ್ಟಿಗೆ, ಅಂದರೆ ಟಾಸ್ಕ್‌ಬಾರಿಗೆ, ಇಳಿದಿರಬಹುದು. ಅಥವಾ ವಿಂಡೋವೇ ಇಲ್ಲದೆ ಹಿನ್ನೆಲೆಯಲ್ಲಿ ಓಡುತ್ತಿರಬಹುದು. ನಾಲ್ಕನೆಯ ಬಗೆಯವು ಗಡಿಯಾರದ ಪಕ್ಕದ ಚಿಕ್ಕ ಬಾಣದ ಗುರುತಿನೊಳಗೆ ಸೇರಿಕೊಂಡಿರುತ್ತವೆ. ಸಂದೇಶ ಕಳುಹಿಸುವ, ಕಡತಗಳನ್ನು ಹೊಂದಿಸುವ, ಹಾಡು ಕೇಳಿಸುವ ಹಲವು ಪ್ರೋಗ್ರಾಮ್‌ಗಳ ಇಂಟು ಗುರುತನ್ನು ಒತ್ತಿದಾಗ ಅವು ನಿಲ್ಲುವುದಿಲ್ಲ, ಅಲ್ಲಿಗೆ ಹೋಗಿ ಕೂರುತ್ತವೆ. ಪೂರ್ತಿ ನಿಲ್ಲಿಸಬೇಕೆಂದರೆ ಆ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿ, ಎಕ್ಸಿಟ್ ಅಥವಾ ಕ್ವಿಟ್ ಆರಿಸಬೇಕು.

ಟಾಸ್ಕ್‌ಬಾರಿನಲ್ಲಿ ಐಕಾನಿನ ಕೆಳಗೆ ಒಂದು ಗೆರೆ ಇದ್ದರೆ ಆ ಪ್ರೋಗ್ರಾಮ್ ತೆರೆದಿದೆ ಎಂದರ್ಥ; ಗೆರೆ ಇಲ್ಲದಿದ್ದರೆ ಅದು ಅಲ್ಲಿ ಪಿನ್ ಮಾಡಿಟ್ಟ ಐಕಾನ್ ಅಷ್ಟೇ. ಒಂದೇ ಪ್ರೋಗ್ರಾಮಿನ ನಾಲ್ಕು ಕಡತಗಳು ಒಂದೇ ಐಕಾನಿನಡಿ ಅಡಗಿರುವುದೇ ಮತ್ತೆ ಮತ್ತೆ ಹುಡುಕಾಟಕ್ಕೆ ಕಾರಣವಾಗುವುದರಿಂದ, ಈ ಒಂದು ಹೊಂದಿಕೆಯನ್ನು ಬದಲಿಸಿಕೊಳ್ಳಲು ಎಲ್ಲರಿಗೂ ಹೇಳುತ್ತೇನೆ: ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಶನ್, ಅದರೊಳಗೆ ಟಾಸ್ಕ್‌ಬಾರ್, ಅದರ ಕೆಳಭಾಗದಲ್ಲಿ ಗುಂಡಿಗಳನ್ನು ಒಟ್ಟುಗೂಡಿಸುವ ಆಯ್ಕೆಯನ್ನು 'ನೆವರ್' ಎಂದು ಮಾಡಿ. ಆಗ ಪ್ರತಿ ವಿಂಡೋಗೂ ಅದರದೇ ಗುಂಡಿ, ಗುಂಡಿಯ ಮೇಲೆ ಕಡತದ ಹೆಸರು ಕಾಣಿಸುತ್ತದೆ. ವಿಂಡೋಸ್ 11 ಮೊದಲು ಬಂದಾಗ ಈ ಆಯ್ಕೆ ಇರಲಿಲ್ಲ, 2023ರ ಪರಿಷ್ಕರಣೆಯಲ್ಲಿ ಮರಳಿ ಬಂತು. ನಿಮ್ಮಲ್ಲಿ ಕಾಣಿಸದಿದ್ದರೆ ವಿಂಡೋಸ್ ಅಪ್‌ಡೇಟ್ ಮಾಡಿಕೊಳ್ಳಿ.

## ಹಂತ 2: ಮುಚ್ಚುವ ಮೊದಲು ಉಳಿಸಿ

ಕೆಲಸ ಮಾಡುತ್ತಿದ್ದ ಪ್ರತಿ ಕಡತದ ವಿಂಡೋಗೂ ಹೋಗಿ ಕಂಟ್ರೋಲ್ ಮತ್ತು ಎಸ್ ಒತ್ತಿ. ಇದು ಬಹಳ ಸಾಮಾನ್ಯ ಸಲಹೆಯಂತೆ ತೋರಬಹುದು. ಆದರೆ ಕಡತ ಕಳೆದುಕೊಂಡವರಲ್ಲಿ ಹೆಚ್ಚಿನವರು ಉಳಿಸುವುದನ್ನು ಮರೆತವರಲ್ಲ, ಮುಚ್ಚುವಾಗ ಹೇಗೂ ಕೇಳುತ್ತದೆಯಲ್ಲ ಎಂದು ನಂಬಿದವರು. ಮುಚ್ಚುವಾಗ ಬರುವ ಪ್ರಶ್ನೆಗೆ ಅವಸರದಲ್ಲಿ ತಪ್ಪು ಉತ್ತರ ಕೊಡುವುದು ತೀರ ಸುಲಭ.

ಉಳಿಸದ ಕಡತವನ್ನು ಗುರುತಿಸಲು ಶೀರ್ಷಿಕೆಪಟ್ಟಿಯನ್ನು ಅಥವಾ ಟ್ಯಾಬಿನ ಹೆಸರನ್ನು ನೋಡಿ. ಹಲವು ಪ್ರೋಗ್ರಾಮ್‌ಗಳು ಹೆಸರಿನ ಪಕ್ಕದಲ್ಲಿ ನಕ್ಷತ್ರದ ಗುರುತನ್ನೋ ಚುಕ್ಕೆಯನ್ನೋ ತೋರಿಸುತ್ತವೆ; ಉಳಿಸಿದೊಡನೆ ಅದು ಮಾಯವಾಗುತ್ತದೆ. 'ಅನ್‌ಟೈಟಲ್ಡ್' ಅಥವಾ 'ಡಾಕ್ಯುಮೆಂಟ್1' ಎಂಬ ಹೆಸರಿದ್ದರೆ ಅದನ್ನು ಇನ್ನೂ ಒಮ್ಮೆಯೂ ಉಳಿಸಿಲ್ಲ ಎಂದೇ ತಿಳಿಯಿರಿ.

ಒಂದೇ ಕಡತವನ್ನು ಎರಡು ಬಾರಿ ತೆರೆದಿದ್ದೀರೆಂದು ಮೊದಲ ಹಂತದಲ್ಲಿ ಕಂಡುಬಂದಿದ್ದರೆ ಇಲ್ಲಿ ಜಾಗ್ರತೆ ಬೇಕು. ಎರಡನ್ನೂ ಉಳಿಸಿದರೆ ಎರಡನೆಯದು ಮೊದಲನೆಯದನ್ನು ಅಳಿಸಿಹಾಕಬಹುದು. ಎರಡನ್ನೂ ಅಕ್ಕಪಕ್ಕ ಇಟ್ಟು, ಯಾವುದರಲ್ಲಿ ಹೊಸ ತಿದ್ದುಪಡಿ ಇದೆಯೆಂದು ನೋಡಿ, ಅನುಮಾನವಿದ್ದರೆ ಒಂದನ್ನು 'ಸೇವ್ ಆ್ಯಸ್' ಮೂಲಕ ಬೇರೆ ಹೆಸರಿನಲ್ಲಿ ಉಳಿಸಿ. ಶೀರ್ಷಿಕೆಯಲ್ಲಿ 'ರೀಡ್ ಓನ್ಲಿ' ಎಂದಿದ್ದರೆ ಅದೇ ಎಚ್ಚರಿಕೆಯ ಗುರುತು. ಆ ಕಡತ ಇನ್ನೆಲ್ಲೋ ತೆರೆದಿರುವ ಸಾಧ್ಯತೆ ಇದೆ.

ಜಾಲತಾಣದಲ್ಲಿ ಅರ್ಧ ತುಂಬಿದ ಅರ್ಜಿಗೆ ಕಂಟ್ರೋಲ್ ಎಸ್ ಕೆಲಸ ಮಾಡುವುದಿಲ್ಲ. ಅದು ಪುಟವನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತದೆಯೇ ಹೊರತು ನೀವು ತುಂಬಿದ್ದನ್ನು ಸಲ್ಲಿಸುವುದಿಲ್ಲ. ಅರ್ಜಿಯೊಳಗೇ ಡ್ರಾಫ್ಟ್ ಉಳಿಸುವ ಗುಂಡಿ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಉದ್ದನೆಯ ಬರಹವನ್ನು ನಕಲಿಸಿ ಬೇರೊಂದು ಕಡತದಲ್ಲಿ ಇಟ್ಟುಕೊಳ್ಳಿ.

## ಹಂತ 3: ಬೇಡದವನ್ನು ಸರಿಯಾದ ಕ್ರಮದಲ್ಲಿ ಮುಚ್ಚಿ

ಮೊದಲು ಪ್ರಶ್ನೆ ಕೇಳುತ್ತಿರುವ ಸಣ್ಣ ಪೆಟ್ಟಿಗೆಗಳಿಗೆ ಉತ್ತರ ಕೊಟ್ಟು ಮುಗಿಸಿ. ಆಮೇಲೆ ಒಂದೇ ಬಗೆಯ ಫೋಲ್ಡರ್ ವಿಂಡೋಗಳನ್ನು ಮುಚ್ಚಿ. ಅವುಗಳಲ್ಲಿ ಕಳೆದುಹೋಗುವಂಥದ್ದು ಏನೂ ಇರುವುದಿಲ್ಲ. ಅನಂತರ ಓದಿ ಮುಗಿದ ಕಡತಗಳು, ಕೊನೆಯಲ್ಲಿ ಬ್ರೌಸರ್.

ಮುಂದಿರುವ ವಿಂಡೋವನ್ನು ಆಲ್ಟ್ ಮತ್ತು ಎಫ್4 ಮುಚ್ಚುತ್ತದೆ. ಬ್ರೌಸರಿನಲ್ಲಿ ಒಂದು ಟ್ಯಾಬನ್ನು ಮಾತ್ರ ಮುಚ್ಚಲು ಕಂಟ್ರೋಲ್ ಮತ್ತು ಡಬ್ಲ್ಯೂ ಬಳಸಬೇಕು. ಇವೆರಡನ್ನು ಅದಲುಬದಲು ಮಾಡಿಕೊಂಡು ಇಪ್ಪತ್ತು ಟ್ಯಾಬ್‌ಗಳನ್ನು ಒಟ್ಟಿಗೇ ಕಳೆದುಕೊಳ್ಳುವುದು ದಿನನಿತ್ಯದ ಅವಘಡ. ಹಾಗಾದರೆ ಬ್ರೌಸರನ್ನು ಮತ್ತೆ ತೆರೆದು ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒತ್ತಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ಮುಚ್ಚಿದ್ದು ಮರಳಿ ಬರುತ್ತದೆ. ಖಾಸಗಿ ವಿಂಡೋದಲ್ಲಿ ತೆರೆದಿದ್ದಕ್ಕೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಯಾವ ವಿಂಡೋವನ್ನೂ ಆರಿಸದೆ ಖಾಲಿ ಡೆಸ್ಕ್‌ಟಾಪ್ ಮುಂದಿರುವಾಗ ಆಲ್ಟ್ ಎಫ್4 ಒತ್ತಿದರೆ ಕಂಪ್ಯೂಟರ್ ಆರಿಸುವ ಪೆಟ್ಟಿಗೆ ಬರುತ್ತದೆ. ಗಾಬರಿಯಾಗಬೇಕಿಲ್ಲ, ಎಸ್ಕೇಪ್ ಒತ್ತಿದರೆ ಸಾಕು. ಆದರೆ ಅಭ್ಯಾಸಬಲದಿಂದ ಎಂಟರ್ ಒತ್ತಿಬಿಟ್ಟರೆ ಮಾತ್ರ ಕಷ್ಟ.

ಟಾಸ್ಕ್‌ಬಾರಿನ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿದರೆ ಆ ಪ್ರೋಗ್ರಾಮಿನ ಎಲ್ಲ ವಿಂಡೋಗಳನ್ನು ಒಮ್ಮೆಗೇ ಮುಚ್ಚುವ ಆಯ್ಕೆ ಸಿಗುತ್ತದೆ. ಫೋಲ್ಡರ್‌ಗಳಿಗೆ ಇದು ಹೇಳಿ ಮಾಡಿಸಿದ ಸೌಲಭ್ಯ. ಬರೆಯುವ, ಲೆಕ್ಕ ಮಾಡುವ ಪ್ರೋಗ್ರಾಮ್‌ಗಳಿಗೆ ಇದನ್ನು ನಾನು ಬಳಸುವುದೇ ಇಲ್ಲ. ಐದು ಪ್ರಶ್ನೆಗಳು ಒಂದರ ಹಿಂದೊಂದು ಬಂದಾಗ ಮೂರನೆಯದನ್ನು ಯಾರೂ ಓದುವುದಿಲ್ಲ.

## ಹಂತ 4: ಒಂದರಿಂದ ಇನ್ನೊಂದಕ್ಕೆ ಹೋಗುವ ಬಗೆ

ಆಲ್ಟ್ ಮತ್ತು ಟ್ಯಾಬ್ ಎಲ್ಲರೂ ಕೇಳಿರುವ ಜೋಡಿ. ಆದರೂ ಇದನ್ನು ತಪ್ಪಾಗಿ ಒತ್ತುವವರೇ ಹೆಚ್ಚು. ಎಡಗೈಯ ಹೆಬ್ಬೆರಳಿನಿಂದ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದಿಡಿ, ಬಿಡಬೇಡಿ. ಈಗ ತೋರುಬೆರಳಿನಿಂದ ಅಥವಾ ನಡುಬೆರಳಿನಿಂದ ಟ್ಯಾಬ್ ಕೀಲಿಯನ್ನು ಒಮ್ಮೆ ತಟ್ಟಿ, ಆ ಬೆರಳನ್ನು ಮಾತ್ರ ಎತ್ತಿ. ಹೆಬ್ಬೆರಳು ಆಲ್ಟ್ ಮೇಲೆ ಇರುವಷ್ಟು ಹೊತ್ತು ವಿಂಡೋಗಳ ಸಾಲು ಪರದೆಯ ಮೇಲೆ ನಿಂತಿರುತ್ತದೆ. ಮತ್ತೆ ಮತ್ತೆ ಟ್ಯಾಬ್ ತಟ್ಟುತ್ತ ಬೇಕಾದದ್ದರ ಸುತ್ತ ಚೌಕಟ್ಟು ಬಂದಾಗ ಹೆಬ್ಬೆರಳನ್ನು ಎತ್ತಿ. ಎರಡನ್ನೂ ಒಟ್ಟಿಗೆ ಒತ್ತಿ ಒಟ್ಟಿಗೆ ಬಿಡುವವರಿಗೆ ಸಾಲು ಕಾಣಿಸುವುದೇ ಇಲ್ಲ, ಎರಡು ವಿಂಡೋಗಳ ನಡುವೆಯೇ ಹೊಯ್ದಾಟವಾಗುತ್ತದೆ.

ಹಾಗಾಗುವುದಕ್ಕೆ ಕಾರಣವಿದೆ. ಈ ಸಾಲು ತೆರೆದ ಕ್ರಮದಲ್ಲಿ ಇರುವುದಿಲ್ಲ, ಕೊನೆಯದಾಗಿ ಬಳಸಿದ ಕ್ರಮದಲ್ಲಿ ಇರುತ್ತದೆ. ಮೊದಲ ಸ್ಥಾನದಲ್ಲಿ ಈಗಿನ ವಿಂಡೋ, ಎರಡನೆಯದರಲ್ಲಿ ಇದಕ್ಕೆ ಮೊದಲು ಬಳಸಿದ್ದು. ಆದ್ದರಿಂದ ಒಂದು ಕಡತ ನೋಡಿಕೊಂಡು ಇನ್ನೊಂದರಲ್ಲಿ ಟೈಪ್ ಮಾಡುವಾಗ ಒಂದೇ ತಟ್ಟಿನಲ್ಲಿ ಆಚೆಯಿಂದ ಈಚೆಗೆ ಬರಬಹುದು. ಈ ಒಂದು ಗುಟ್ಟು ಗೊತ್ತಾದರೆ ಮೌಸಿನತ್ತ ಕೈ ಹೋಗುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಬೇಕಾದದ್ದನ್ನು ದಾಟಿ ಮುಂದೆ ಹೋದರೆ ಶಿಫ್ಟ್ ಕೂಡ ಹಿಡಿದು ಟ್ಯಾಬ್ ತಟ್ಟಿ, ಹಿಂದಕ್ಕೆ ಬರುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಟೈಪ್ ಮಾಡುವವರು ಇಲ್ಲೊಂದು ಎಚ್ಚರಿಕೆ ವಹಿಸಬೇಕು: ಭಾಷೆ ಬದಲಿಸಲು ಎಡ ಆಲ್ಟ್ ಮತ್ತು ಶಿಫ್ಟ್ ಜೋಡಿಯನ್ನು ಇಟ್ಟುಕೊಂಡಿದ್ದರೆ, ಟ್ಯಾಬ್ ಒತ್ತದೆ ಆ ಎರಡನ್ನೂ ಬಿಟ್ಟಾಗ ಲಿಪಿ ಬದಲಾಗಿ ಮುಂದಿನ ಪದ ಕಲಸುಮೇಲೋಗರವಾಗುತ್ತದೆ. ಹಾಗಾಗಿ ಹಿಂದಕ್ಕೆ ಬರಲು ಆಲ್ಟ್ ಹಿಡಿದಿರುವಾಗಲೇ ಎಡ ಬಾಣದ ಕೀಲಿಯನ್ನು ಒತ್ತುವುದು ವಾಸಿ.

ಸಾಲಿನಲ್ಲಿ ಎಡ್ಜ್ ಬ್ರೌಸರಿನ ಟ್ಯಾಬ್‌ಗಳೂ ಸೇರಿಕೊಂಡು ಉದ್ದವಾಗಿದ್ದರೆ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಮಲ್ಟಿಟಾಸ್ಕಿಂಗ್ ಪುಟಕ್ಕೆ ಹೋಗಿ ಟ್ಯಾಬ್‌ಗಳನ್ನು ತೋರಿಸದಂತೆ ಮಾಡಿ. ಸದಾ ಬಳಸುವ ಪ್ರೋಗ್ರಾಮ್‌ಗಳಿಗೆ ಇನ್ನೂ ಹತ್ತಿರದ ದಾರಿಯಿದೆ: ಟಾಸ್ಕ್‌ಬಾರಿನಲ್ಲಿ ಪಿನ್ ಮಾಡಿದ ಐಕಾನ್‌ಗಳಿಗೆ ಎಡದಿಂದ 1, 2, 3 ಎಂಬ ಕ್ರಮವಿದ್ದು, ವಿಂಡೋಸ್ ಕೀಲಿಯೊಂದಿಗೆ ಆ ಅಂಕಿಯನ್ನು ಒತ್ತಿದರೆ ಆ ಪ್ರೋಗ್ರಾಮ್ ನೇರವಾಗಿ ಮುಂದೆ ಬರುತ್ತದೆ.

## ಹಂತ 5: ಅಕ್ಕಪಕ್ಕ ಜೋಡಿಸಿ

ಉಳಿದ ವಿಂಡೋಗಳಲ್ಲಿ ಒಂದೇ ಸಲ ಕಾಣಬೇಕಾದವು ಎಷ್ಟೆಂದು ಯೋಚಿಸಿ. ಸಾಮಾನ್ಯವಾಗಿ ಎರಡು, ಅಪರೂಪಕ್ಕೆ ಮೂರು. ಮೊದಲನೆಯದನ್ನು ಮುಂದೆ ತಂದು ವಿಂಡೋಸ್ ಕೀಲಿ ಮತ್ತು ಎಡ ಬಾಣ ಒತ್ತಿ; ಅದು ಪರದೆಯ ಎಡ ಅರ್ಧಕ್ಕೆ ಅಂಟಿಕೊಳ್ಳುತ್ತದೆ. ಬಲ ಅರ್ಧದಲ್ಲಿ ಉಳಿದ ವಿಂಡೋಗಳ ಚಿಕ್ಕ ಚಿತ್ರಗಳು ಬರುತ್ತವೆ, ಬೇಕಾದದ್ದನ್ನು ಕ್ಲಿಕ್ ಮಾಡಿ. ನಡುವಿನ ಗೆರೆಯನ್ನು ಮೌಸಿನಿಂದ ಹಿಡಿದು ಸರಿಸಿದರೆ ಎರಡೂ ಒಟ್ಟಿಗೇ ಹಿಗ್ಗಿ ಕುಗ್ಗುತ್ತವೆ.

ವಿಂಡೋಸ್ 11ರಲ್ಲಿ ಮ್ಯಾಕ್ಸಿಮೈಸ್ ಗುಂಡಿಯ ಮೇಲೆ ಮೌಸನ್ನು ಒತ್ತದೆ ಸುಮ್ಮನೆ ಇರಿಸಿದರೆ ಜೋಡಣೆಯ ಮಾದರಿಗಳು ಇಳಿದು ಬರುತ್ತವೆ. ವಿಂಡೋಸ್ ಮತ್ತು ಝಡ್ ಒತ್ತಿದರೂ ಅದೇ. ಮೂರು ಕಂಬಗಳ ಮಾದರಿ ಅಗಲವಾದ ಪರದೆಗಳಲ್ಲಿ ಮಾತ್ರ ಕಾಣಿಸುತ್ತದೆ.

ಕೆಲವು ವಿಂಡೋಗಳು ಅರ್ಧಕ್ಕೆ ಕುಗ್ಗದೆ ಪಕ್ಕದ್ದರ ಮೇಲೆ ಹತ್ತಿ ಕೂರುತ್ತವೆ. ನಿಮ್ಮ ತಪ್ಪೇನೂ ಇಲ್ಲ. ಆ ಪ್ರೋಗ್ರಾಮಿಗೆ ಇಂತಿಷ್ಟು ಅಗಲಕ್ಕಿಂತ ಕಿರಿದಾಗಬಾರದೆಂಬ ಮಿತಿ ಇರುತ್ತದೆ. ಅಂಥದ್ದಕ್ಕೆ ದೊಡ್ಡ ಪಾಲು ಕೊಟ್ಟು ಇನ್ನೊಂದನ್ನು ಕಿರಿದಾಗಿಸಿ. ಇಡೀ ಅಂಟಿಸುವ ಸೌಲಭ್ಯವೇ ಕೆಲಸ ಮಾಡದಿದ್ದರೆ ಮಲ್ಟಿಟಾಸ್ಕಿಂಗ್ ಪುಟದಲ್ಲಿ 'ಸ್ನ್ಯಾಪ್ ವಿಂಡೋಸ್' ಸ್ವಿಚ್ ಆಫ್ ಆಗಿರುವ ಸಾಧ್ಯತೆ ಹೆಚ್ಚು.

ಮೇಜು ತೆರವು ಮಾಡಿದಂತೆ ಎಲ್ಲವನ್ನೂ ಕ್ಷಣಕಾಲ ಪಕ್ಕಕ್ಕೆ ಸರಿಸಬೇಕಾದಾಗ ವಿಂಡೋಸ್ ಮತ್ತು ಡಿ ಒತ್ತಿ, ಮತ್ತೆ ಅದನ್ನೇ ಒತ್ತಿದರೆ ಎಲ್ಲವೂ ಇದ್ದಲ್ಲಿಗೆ ಬರುತ್ತವೆ. ಆದರೆ ನಡುವೆ ಹೊಸದೊಂದನ್ನು ತೆರೆದರೆ ಈ ಜೋಡಣೆ ಹಾಗೆಯೇ ಮರಳುವುದಿಲ್ಲ, ಒಂದೊಂದನ್ನೇ ಎತ್ತಿಕೊಳ್ಳಬೇಕಾಗುತ್ತದೆ.

## ಹಂತ 6: ಕೆಲಸಕ್ಕೊಂದು ಡೆಸ್ಕ್‌ಟಾಪ್

ಒಟ್ಟಿಗೇ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತಿದ್ದರೆ, ಉದಾಹರಣೆಗೆ ಒಂದು ಕಡೆ ಲೆಕ್ಕಪತ್ರ ಇನ್ನೊಂದು ಕಡೆ ಬರವಣಿಗೆ, ಎರಡನ್ನೂ ಒಂದೇ ಪರದೆಯಲ್ಲಿ ತುರುಕುವುದಕ್ಕಿಂತ ಎರಡನೆಯ ಡೆಸ್ಕ್‌ಟಾಪ್ ಮಾಡಿಕೊಳ್ಳುವುದು ಮೇಲು. ವಿಂಡೋಸ್, ಕಂಟ್ರೋಲ್ ಮತ್ತು ಡಿ ಒತ್ತಿದರೆ ಹೊಸದು ತೆರೆಯುತ್ತದೆ; ವಿಂಡೋಸ್, ಕಂಟ್ರೋಲ್ ಜೊತೆ ಎಡ ಬಲ ಬಾಣಗಳಿಂದ ಅವುಗಳ ನಡುವೆ ಓಡಾಡಬಹುದು. ಟಾಸ್ಕ್ ವ್ಯೂ ತೆರೆದು ಒಂದು ವಿಂಡೋದ ಚಿತ್ರವನ್ನು ಇನ್ನೊಂದು ಡೆಸ್ಕ್‌ಟಾಪಿನ ಮೇಲೆ ಎಳೆದು ಬಿಟ್ಟರೆ ಅದು ಅಲ್ಲಿಗೆ ಹೋಗುತ್ತದೆ. ಎರಡೂ ಕಡೆ ಬೇಕಾದ ವಿಂಡೋ ಇದ್ದರೆ, ಟಾಸ್ಕ್ ವ್ಯೂನಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ತೋರಿಸುವ ಆಯ್ಕೆಯನ್ನು ಆರಿಸಿ.

ಹೊಸಬರು ಅತಿ ಹೆಚ್ಚು ಬೆಚ್ಚಿ ಬೀಳುವುದು ಇಲ್ಲಿಯೇ. ಗೊತ್ತಿಲ್ಲದೆ ಹೊಸ ಡೆಸ್ಕ್‌ಟಾಪ್ ತೆರೆದಿರುತ್ತಾರೆ, ಅಥವಾ ಟಚ್‌ಪ್ಯಾಡಿನ ಮೇಲೆ ನಾಲ್ಕು ಬೆರಳು ಒಟ್ಟಿಗೆ ಜಾರಿರುತ್ತವೆ. ತೆರೆದಿದ್ದ ವಿಂಡೋಗಳೆಲ್ಲ ಹೇಳಹೆಸರಿಲ್ಲದಂತೆ ಮಾಯವಾಗಿರುತ್ತವೆ. ಆಲ್ಟ್ ಟ್ಯಾಬ್ ಸಾಲಿನಲ್ಲೂ ಅವು ಕಾಣಿಸುವುದಿಲ್ಲ, ಏಕೆಂದರೆ ಆ ಸಾಲು ಸಾಮಾನ್ಯವಾಗಿ ಈಗಿನ ಡೆಸ್ಕ್‌ಟಾಪಿನದನ್ನು ಮಾತ್ರ ತೋರಿಸುತ್ತದೆ. ಎಲ್ಲವೂ ಮುಚ್ಚಿಹೋದವೆಂದು ಕಂಪ್ಯೂಟರನ್ನೇ ಮತ್ತೆ ಶುರು ಮಾಡಿ, ಹಾಗೆ ಮಾಡಿದ್ದರಿಂದಲೇ ಉಳಿಸದ ಕೆಲಸ ಕಳೆದುಕೊಂಡವರಿದ್ದಾರೆ. ವಿಂಡೋಗಳು ಒಮ್ಮೆಲೇ ಕಾಣೆಯಾದರೆ ಮೊದಲು ಟಾಸ್ಕ್ ವ್ಯೂ ತೆರೆದು ಎಷ್ಟು ಡೆಸ್ಕ್‌ಟಾಪ್‌ಗಳಿವೆಯೆಂದು ನೋಡಿ.

ಬೇಡವಾದ ಡೆಸ್ಕ್‌ಟಾಪನ್ನು ವಿಂಡೋಸ್, ಕಂಟ್ರೋಲ್, ಎಫ್4ರಿಂದ ತೆಗೆಯಬಹುದು. ಅದರಲ್ಲಿದ್ದ ವಿಂಡೋಗಳು ಮುಚ್ಚುವುದಿಲ್ಲ, ಪಕ್ಕದ ಡೆಸ್ಕ್‌ಟಾಪಿಗೆ ಬಂದು ಸೇರುತ್ತವೆ. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತಿದ್ದಬೇಕು: ಡೆಸ್ಕ್‌ಟಾಪ್ ಹಲವು ಮಾಡಿಕೊಂಡರೆ ಕಂಪ್ಯೂಟರಿನ ಮೆಮೊರಿ ಮೇಲಿನ ಹೊರೆ ಕಡಿಮೆಯಾಗುವುದಿಲ್ಲ. ಕಣ್ಣಿಗೆ ಕಾಣದ ವಿಂಡೋ ಕೂಡ ಓಡುತ್ತಲೇ ಇರುತ್ತದೆ.

## ಹಂತ 7: ಎರಡು ಮಾನಿಟರ್ ಇದ್ದರೆ

ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ 1 ಮತ್ತು 2 ಎಂದು ಗುರುತಿಸಿದ ಎರಡು ಚೌಕಗಳಿರುತ್ತವೆ. ಮೇಜಿನ ಮೇಲೆ ಮಾನಿಟರ್‌ಗಳು ಹೇಗಿವೆಯೋ ಹಾಗೆಯೇ ಆ ಚೌಕಗಳನ್ನು ಎಳೆದು ಇರಿಸಿ. ಇದು ತಪ್ಪಿದ್ದರೆ ಬಲಕ್ಕೆ ಎಳೆದ ವಿಂಡೋ ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಒಂದರಿಂದ ಇನ್ನೊಂದಕ್ಕೆ ಕಳುಹಿಸಲು ವಿಂಡೋಸ್, ಶಿಫ್ಟ್ ಜೊತೆ ಎಡ ಅಥವಾ ಬಲ ಬಾಣ ಒತ್ತಿ. ಎರಡನೆಯ ಮಾನಿಟರಿನ ತಂತಿ ಕೀಳುವ ಮೊದಲು ಅದರ ಮೇಲಿದ್ದವನ್ನೆಲ್ಲ ಮೊದಲನೆಯದಕ್ಕೆ ತಂದುಕೊಳ್ಳುವುದು ಕ್ಷೇಮ.

## ಹಂತ 8: ಕಾಣೆಯಾದ ವಿಂಡೋವನ್ನು ಮರಳಿ ತನ್ನಿ

ಟಾಸ್ಕ್‌ಬಾರಿನಲ್ಲಿ ಗೆರೆ ಇದೆ, ಐಕಾನ್ ಮೇಲೆ ಮೌಸ್ ಇಟ್ಟರೆ ಚಿಕ್ಕ ಚಿತ್ರವೂ ಬರುತ್ತದೆ, ಕ್ಲಿಕ್ ಮಾಡಿದರೆ ಮಾತ್ರ ಪರದೆಯ ಮೇಲೆ ಏನೂ ಇಲ್ಲ. ವಿಂಡೋ ಪರದೆಯ ಅಂಚಿನಾಚೆ ತೆರೆದುಕೊಂಡಿರುವುದರ ಲಕ್ಷಣವಿದು. ಈಗ ಇಲ್ಲದ ಮಾನಿಟರಿನಲ್ಲಿ ತಾನಿದ್ದ ಜಾಗವನ್ನು ಪ್ರೋಗ್ರಾಮ್ ನೆನಪಿಟ್ಟುಕೊಂಡಿರುವಾಗ ಹೀಗಾಗುತ್ತದೆ.

ಮೊದಲು ಆಲ್ಟ್ ಟ್ಯಾಬ್‌ನಿಂದ ಆ ವಿಂಡೋವನ್ನು ಆರಿಸಿ. ಬಳಿಕ ವಿಂಡೋಸ್, ಶಿಫ್ಟ್, ಎಡ ಬಾಣ ಒತ್ತಿ ನೋಡಿ. ಬರದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಆಮೇಲೆ ಎಂ ಅಕ್ಷರ ಒತ್ತಿ. ಹೊರಗೆ ಏನೂ ಬದಲಾದಂತೆ ಕಾಣುವುದಿಲ್ಲ, ಆದರೆ ವಿಂಡೋ ಈಗ ಸರಿಯಲು ಸಿದ್ಧವಾಗಿದೆ. ಯಾವುದಾದರೂ ಒಂದು ಬಾಣದ ಕೀಲಿಯನ್ನು ಒಂದೇ ಒಂದು ಸಲ ಒತ್ತಿ. ಆಮೇಲೆ ಕೀಲಿಮಣೆ ಬಿಟ್ಟು, ಯಾವ ಗುಂಡಿಯನ್ನೂ ಒತ್ತದೆ ಮೌಸನ್ನು ಮೆಲ್ಲಗೆ ಸರಿಸಿದರೆ ವಿಂಡೋ ಅದಕ್ಕೆ ಅಂಟಿಕೊಂಡು ಬರುತ್ತದೆ. ಬೇಕಾದ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿ ಬಿಡಿ. ಬಹುತೇಕರು ಸೋಲುವುದು ಬಾಣದ ಕೀಲಿಯನ್ನು ಒತ್ತದೆಯೇ ಮೌಸಿಗೆ ಕೈ ಹಾಕುವುದರಿಂದ.

ಎಂ ಒತ್ತಿದರೂ ಸರಿಯದಿದ್ದರೆ ವಿಂಡೋ ಮ್ಯಾಕ್ಸಿಮೈಸ್ ಆಗಿರಬಹುದು. ಮತ್ತೆ ಆಲ್ಟ್ ಸ್ಪೇಸ್ ಒತ್ತಿ, ಆರ್ ಒತ್ತಿ ಮೂಲ ಗಾತ್ರಕ್ಕೆ ತಂದು, ಅನಂತರ ಎಂ ಪ್ರಯತ್ನಿಸಿ. ಬೇರೊಂದು ತಂತ್ರಾಂಶ ಆಲ್ಟ್ ಸ್ಪೇಸ್ ಜೋಡಿಯನ್ನು ತನ್ನದಾಗಿಸಿಕೊಂಡಿದ್ದರೆ, ಶಿಫ್ಟ್ ಹಿಡಿದು ಟಾಸ್ಕ್‌ಬಾರಿನ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿದರೂ ಇದೇ ಪಟ್ಟಿ ಸಿಗುತ್ತದೆ.

## ಹಂತ 9: ಸ್ತಬ್ಧವಾದ ವಿಂಡೋ

ಪ್ರೋಗ್ರಾಮ್ ಸ್ತಬ್ಧವಾಗಿದೆ ಎನ್ನುವ ಮೊದಲು ಅದು ನಿಮ್ಮ ಉತ್ತರಕ್ಕಾಗಿ ಕಾಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಾನೇ ಒಮ್ಮೆ ಹೀಗೆ ಮೋಸ ಹೋಗಿದ್ದೇನೆ. ಬರೆಯುತ್ತಿದ್ದ ವರದಿಯ ವಿಂಡೋ ಎಲ್ಲಿ ಕ್ಲಿಕ್ ಮಾಡಿದರೂ ಟಣ್ ಎಂದು ಸದ್ದು ಮಾಡುತ್ತಿತ್ತೇ ಹೊರತು ಅಲುಗಾಡುತ್ತಿರಲಿಲ್ಲ. ಟಾಸ್ಕ್‌ಬಾರಿನ ಐಕಾನ್ ಮಿನುಗುತ್ತಿತ್ತು, ಅದನ್ನು ಗಮನಿಸಲಿಲ್ಲ. ಬಲವಂತವಾಗಿ ಮುಚ್ಚಿದೆ, ಅರ್ಧ ದಿನದ ಬರಹ ಹೋಯಿತು. ಮರುದಿನ ಅದೇ ಸದ್ದು ಮತ್ತೆ ಕೇಳಿದಾಗ ಬ್ರೌಸರನ್ನು ಮಿನಿಮೈಸ್ ಮಾಡಿ ನೋಡಿದರೆ, ಅದರ ಹಿಂದೆ 'ಈ ಹೆಸರಿನ ಕಡತ ಈಗಾಗಲೇ ಇದೆ, ಬದಲಿಸಬೇಕೇ?' ಎಂಬ ಪೆಟ್ಟಿಗೆ ಕಾದು ಕುಳಿತಿತ್ತು.

ಆದ್ದರಿಂದ ಸದ್ದು ಮತ್ತು ಮಿನುಗುವ ಐಕಾನ್ ಎರಡೂ ಇದ್ದರೆ ಅಡಗಿದ ಪೆಟ್ಟಿಗೆಯನ್ನು ಹುಡುಕಿ. ಉಳಿದ ವಿಂಡೋಗಳನ್ನು ಒಂದೊಂದಾಗಿ ಮಿನಿಮೈಸ್ ಮಾಡಿ. ಪೆಟ್ಟಿಗೆಯನ್ನು ಕಾಣದೆಯೇ ಎಂಟರ್ ಒತ್ತಬೇಡಿ. ಏನಕ್ಕೆ ಒಪ್ಪಿಗೆ ಕೊಟ್ಟಿರೆಂದು ತಿಳಿಯುವುದಿಲ್ಲ.

ಶೀರ್ಷಿಕೆಯಲ್ಲಿ 'ನಾಟ್ ರೆಸ್ಪಾಂಡಿಂಗ್' ಎಂದಿದ್ದು ವಿಂಡೋ ಮಸುಕಾಗಿದ್ದರೆ ಅದು ನಿಜವಾದ ಸ್ತಬ್ಧತೆ. ಆಗಲೂ ಅವಸರ ಬೇಡ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಆ ಪ್ರೋಗ್ರಾಮಿನ ಸಾಲಿನಲ್ಲಿ ಸಿಪಿಯು ಮತ್ತು ಡಿಸ್ಕ್ ಅಂಕಿಗಳನ್ನು ನೋಡಿ. ಅಂಕಿಗಳು ಬದಲಾಗುತ್ತಿದ್ದರೆ ಒಳಗೆ ಕೆಲಸ ನಡೆದಿರಬಹುದು, ಕೆಲವು ನಿಮಿಷ ಕಾಯಿರಿ. ಬಹಳ ಹೊತ್ತು ಸೊನ್ನೆಯಲ್ಲೇ ನಿಂತಿದ್ದರೆ ಮಾತ್ರ ಆ ಸಾಲನ್ನು ಆರಿಸಿ 'ಎಂಡ್ ಟಾಸ್ಕ್' ಒತ್ತಿ.

ಪಟ್ಟಿಯಲ್ಲಿ ಪರಿಚಯವಿಲ್ಲದ ಹೆಸರುಗಳನ್ನು ಮುಟ್ಟಬೇಡಿ. ಟಾಸ್ಕ್‌ಬಾರೇ ಸ್ತಬ್ಧವಾಗಿದ್ದರೆ 'ವಿಂಡೋಸ್ ಎಕ್ಸ್‌ಪ್ಲೋರರ್' ಸಾಲನ್ನು ಆರಿಸಿ 'ರೀಸ್ಟಾರ್ಟ್' ಒತ್ತಬಹುದು. ತೆರೆದ ಫೋಲ್ಡರ್‌ಗಳು ಮುಚ್ಚುತ್ತವೆ, ಉಳಿದ ಪ್ರೋಗ್ರಾಮ್‌ಗಳಿಗೆ ಏನೂ ಆಗುವುದಿಲ್ಲ. ಆದರೆ ಫೋಲ್ಡರಿನಿಂದ ಫೋಲ್ಡರಿಗೆ ಕಡತಗಳ ನಕಲು ನಡೆಯುತ್ತಿರುವಾಗ ಇದನ್ನು ಮಾಡಿದರೆ ನಕಲು ಅರ್ಧಕ್ಕೇ ನಿಲ್ಲುತ್ತದೆ.

ಬಲವಂತವಾಗಿ ಮುಚ್ಚಿದ ಮೇಲೆ ಅದೇ ಪ್ರೋಗ್ರಾಮನ್ನು ಮತ್ತೆ ತೆರೆಯಿರಿ. ವರ್ಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಚೇತರಿಕೆಯ ಪ್ರತಿಯೊಂದನ್ನು ತಾನಾಗಿ ಇಟ್ಟುಕೊಳ್ಳುತ್ತದೆ, ತೆರೆದೊಡನೆ ಅದನ್ನು ತೋರಿಸುತ್ತದೆ. ಆ ಪ್ರತಿಯನ್ನು ಹಳೆಯ ಕಡತದ ಮೇಲೆಯೇ ಉಳಿಸದೆ ಹೊಸ ಹೆಸರಿನಲ್ಲಿ ಉಳಿಸಿ, ಎರಡನ್ನೂ ಹೋಲಿಸಿ ನೋಡಿದ ನಂತರ ಒಂದನ್ನು ತೆಗೆಯಿರಿ.

## ಮ್ಯಾಕ್ ಮತ್ತು ಲಿನಕ್ಸ್ ಬಳಸುವವರಿಗೆ

ಹಂತಗಳ ಕ್ರಮ ಇಲ್ಲಿಯೂ ಅದೇ, ಕೀಲಿಗಳು ಬೇರೆ. ಮ್ಯಾಕಿನಲ್ಲಿ ಎಲ್ಲವನ್ನೂ ಹರಡಿ ನೋಡಲು ಕಂಟ್ರೋಲ್ ಮತ್ತು ಮೇಲಿನ ಬಾಣ. ಕೆಂಪು ಗುಂಡಿ ಸಾಮಾನ್ಯವಾಗಿ ವಿಂಡೋವನ್ನು ಮಾತ್ರ ಮುಚ್ಚುತ್ತದೆ, ಪ್ರೋಗ್ರಾಮ್ ಓಡುತ್ತಲೇ ಇರುತ್ತದೆ. ಡಾಕ್‌ನಲ್ಲಿ ಐಕಾನಿನ ಕೆಳಗಿನ ಚುಕ್ಕೆ ಅದರ ಗುರುತು. ಪೂರ್ತಿ ನಿಲ್ಲಿಸಲು ಕಮಾಂಡ್ ಮತ್ತು ಕ್ಯೂ ಒತ್ತಬೇಕು. ಕ್ಯೂ ಮತ್ತು ಡಬ್ಲ್ಯೂ ಅಕ್ಕಪಕ್ಕದಲ್ಲೇ ಇರುವುದರಿಂದ ಬೆರಳು ತಪ್ಪುವುದುಂಟು. ಸ್ತಬ್ಧವಾದದ್ದಕ್ಕೆ ಆಪ್ಶನ್, ಕಮಾಂಡ್, ಎಸ್ಕೇಪ್. ವಿಂಡೋಗಳನ್ನು ಅಂಚಿಗೆ ಎಳೆದು ಅಂಟಿಸುವ ಸೌಲಭ್ಯ 2024ರ ಸೆಕೋಯಾ ಆವೃತ್ತಿಯಿಂದ ಅದರಲ್ಲೇ ಸೇರಿದೆ.

ಗ್ನೋಮ್ ಎಂಬ ಡೆಸ್ಕ್‌ಟಾಪ್ ವ್ಯವಸ್ಥೆ ಇರುವ ಲಿನಕ್ಸ್‌ನಲ್ಲಿ ವಿಂಡೋಸ್ ಗುರುತಿನ ಕೀಲಿಗೆ ಸೂಪರ್ ಎನ್ನುತ್ತಾರೆ. ಅದನ್ನೊಂದೇ ಒತ್ತಿದರೆ ಎಲ್ಲ ವಿಂಡೋಗಳು ಹರಡಿಕೊಳ್ಳುತ್ತವೆ. ಸೂಪರ್ ಹಿಡಿದು ವಿಂಡೋದ ಯಾವ ಭಾಗವನ್ನಾದರೂ ಮೌಸಿನಿಂದ ಎಳೆಯಬಹುದು. ಶೀರ್ಷಿಕೆಪಟ್ಟಿ ಪರದೆಯಾಚೆ ಹೋದಾಗ ಇದಕ್ಕಿಂತ ಸುಲಭದ ದಾರಿ ಇಲ್ಲ.

ಮ್ಯಾಕಿನ ಕಮಾಂಡ್ ಟ್ಯಾಬ್ ಪ್ರೋಗ್ರಾಮ್‌ಗಳ ನಡುವೆ ಓಡಾಡುತ್ತದೆ, ವಿಂಡೋಗಳ ನಡುವೆ ಅಲ್ಲ. ಮಿನಿಮೈಸ್ ಮಾಡಿದ ವಿಂಡೋ ಅದರಿಂದ ಮೇಲೇಳುವುದಿಲ್ಲವೆಂದು ದೂರುವವರು ಬಹಳ. ಬೇಕಾದ ಪ್ರೋಗ್ರಾಮಿನ ಮೇಲೆ ಚೌಕಟ್ಟು ಬಂದಾಗ ಆಪ್ಶನ್ ಕೀಲಿಯನ್ನೂ ಒತ್ತಿ ಹಿಡಿದು, ಮೊದಲು ಕಮಾಂಡ್ ಕೀಲಿಯನ್ನು ಬಿಟ್ಟು ಆಮೇಲೆ ಆಪ್ಶನ್ ಬಿಟ್ಟರೆ ಆ ವಿಂಡೋ ಮೇಲೆದ್ದು ಬರುತ್ತದೆ.